ಎರಡು ಚೌಕದ ಅಕ್ಕಿ

ನಾನು ಪದಬಂಧ ಬಿಡಿಸಲು ಕಲಿತದ್ದು ಬಸ್ಸಿನಲ್ಲಿ. ಮನೆ ಕೊಡಿಗೇಹಳ್ಳಿಯಲ್ಲಿ, ಕೆಲಸ ಯಶವಂತಪುರದ ಆಚೆಯ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ. ಹೆಬ್ಬಾಳ ದಾಟಿ ರಿಂಗ್ ರೋಡಿಗೆ ಬಿದ್ದ ಮೇಲೆ ಬಸ್ಸು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬೇರೆಯವರು ಆಗ ಮೊಬೈಲ್ ತೆಗೆಯುತ್ತಾರೆ. ನಾನು ಪತ್ರಿಕೆಯನ್ನು ನಾಲ್ಕಾಗಿ ಮಡಚಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ.

ವಾರದ ಆರು ದಿನ ಬರುವುದು ಸಾದಾ ಪದಬಂಧ. ‘ಸೂರ್ಯ, ಎರಡು ಚೌಕ’ ಎಂದರೆ ರವಿ. ಅದರಲ್ಲಿ ಯೋಚಿಸುವುದೇನೂ ಇಲ್ಲ, ನೆನಪಿದ್ದರೆ ಸಾಕು. ಭಾನುವಾರದ್ದು ಬೇರೆ ಜಾತಿಯದು. ಅದರಲ್ಲಿ ಸುಳಿವು ಒಂದು ಹೇಳುತ್ತದೆ, ಒಳಗೆ ಇನ್ನೊಂದಿರುತ್ತದೆ. ‘ಒಡಲಿಗೆ ಚಾವಣಿ ಹೊದಿಸಿದ ಊರು, ಮೂರು ಚೌಕ’ ಎಂದಿದ್ದರೆ, ಒಡಲು ಎಂದರೆ ಮೈ, ಚಾವಣಿ ಎಂದರೆ ಸೂರು, ಎರಡೂ ಸೇರಿ ಮೈಸೂರು. ‘ಬಾಲ ಕತ್ತರಿಸಿದರೆ ಮರ ಹತ್ತುವ ಗ್ರಹ’ ಎಂದರೆ ಮಂಗಳ. ಕೊನೆಯ ಅಕ್ಷರ ತೆಗೆದರೆ ಮಂಗ. ಇಂಥದ್ದರಲ್ಲಿ ನಾನು ಬಿಡಿಸಿದ ಮೊಟ್ಟಮೊದಲನೆಯದು ‘ಹಿಂದಿನಿಂದ ಬಂದರೂ ಮುಂದಿನಿಂದ ಬಂದರೂ ಅದೇ ಊರು’. ಅದು ಗದಗ. ನಾನು ಆ ಕಡೆಯವನೇ. ಎಷ್ಟೋ ಅರ್ಜಿಗಳ ಮೇಲೆ ‘ಜಿಲ್ಲೆ: ಗದಗ’ ಎಂದು ಬರೆದಿದ್ದೆ, ತಿರುಗಿಸಿ ಓದಿದರೂ ಅದು ಗದಗವೇ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅಂದು ನಾನು ಇಳಿಯಬೇಕಾದ ಸ್ಟಾಪನ್ನು ಬಸ್ಸು ದಾಟಿಹೋಯಿತು.

ಆಮೇಲೆ ಅದು ಚಟವಾಯಿತು. ಭಾನುವಾರದ ಪದಬಂಧವನ್ನು ಕತ್ತರಿಸಿಟ್ಟುಕೊಂಡು ವಾರವಿಡೀ ಬಸ್ಸಿನಲ್ಲಿ ಬಿಡಿಸುತ್ತಿದ್ದೆ. ಪೂರ್ತಿಯಾಗದೆ ಉಳಿದವನ್ನು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿಡುತ್ತಿದ್ದೆ. ಯಾರ ಸಹಾಯವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಮ್ಮೆ ನನ್ನ ಹೆಂಡತಿ ಚಹಾ ಕೊಡಲು ಬಂದವಳು ಹೆಗಲ ಮೇಲಿಂದ ಇಣುಕಿ ಒಂದು ಉತ್ತರ ಹೇಳಿಬಿಟ್ಟಳು. ಉತ್ತರ ಸರಿಯಾಗಿತ್ತು. ನಾನು ಆ ಚೌಕಗಳನ್ನು ತುಂಬಲೇ ಇಲ್ಲ. ಅಂಥ ಸಣ್ಣ ಬುದ್ಧಿಯೂ ಅದರ ಜೊತೆಗೇ ಬೆಳೆದಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಸ್ಟೋರ್ಸಿನಲ್ಲಿ ಬೇರಿಂಗುಗಳ ಡಬ್ಬದ ಮೇಲಿನ ಚೀಟಿ ಓದುತ್ತಿದ್ದಾಗ ಬಲಗಣ್ಣಿನ ಮೂಲೆಯಲ್ಲಿ ಕಪ್ಪು ಪರದೆಯೊಂದು ಇಳಿಯತೊಡಗಿತು. ನೋವೇನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಚೀಟಿ ಕಾಣದಾಯಿತು. ಕಣ್ಣಿನ ಆಸ್ಪತ್ರೆಗೆ ಹೋದರೆ, ಕಣ್ಣಿನ ಹಿಂಭಾಗದ ಪದರ ಕಿತ್ತುಕೊಂಡಿದೆ, ತಡ ಮಾಡಿದರೆ ದೃಷ್ಟಿ ಹೋಗುತ್ತದೆ ಎಂದರು. ಮರುದಿನವೇ ಆಪರೇಷನ್ ಆಯಿತು. ನನ್ನ ಎಡಗಣ್ಣು ಹುಟ್ಟಿನಿಂದಲೇ ಮಂದ. ಅದರಲ್ಲಿ ಆಳು ಕಾಣುತ್ತಾರೆ, ಅಕ್ಷರ ಕಾಣುವುದಿಲ್ಲ. ಓದುವುದೆಲ್ಲ ಬಲಗಣ್ಣಿನದೇ ಕೆಲಸವಾಗಿತ್ತು.

ಆಪರೇಷನ್ ಮುಗಿದ ಮೇಲೆ ಡಾಕ್ಟರು ಹೇಳಿದ ಮಾತು ವಿಚಿತ್ರವಾಗಿತ್ತು. ಕಣ್ಣಿನೊಳಗೆ ಗ್ಯಾಸ್ ತುಂಬಿದ್ದಾರಂತೆ. ಆ ಗುಳ್ಳೆ ಮೇಲಕ್ಕೆ ತೇಲಿ, ಕಿತ್ತು ಬಂದ ಪದರವನ್ನು ಒತ್ತಿ ಹಿಡಿಯಬೇಕಂತೆ. ಅದಕ್ಕೆ ನಾನು ಹನ್ನೆರಡು ದಿನ ಮುಖ ಕೆಳಗೆ ಮಾಡಿಯೇ ಇರಬೇಕು. ಮಲಗಿದರೂ ಬೋರಲು, ಕೂತರೂ ತಲೆ ಬಗ್ಗಿಸಿ. ಊಟಕ್ಕೆ, ಸ್ನಾನಕ್ಕೆ ಮಾತ್ರ ಸ್ವಲ್ಪ ವಿನಾಯಿತಿ.

ನನ್ನ ಹೆಂಡತಿ ಸಹಕಾರನಗರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ನಾಲ್ಕು ದಿನ ರಜೆ ಹಾಕಿದಳು. ಐದನೆಯ ದಿನ ಹೊರಡುವಾಗ ನನ್ನ ತಲೆಯ ಬಳಿ ಕೂತು, “ಕೆಳಗಿನ ಅಮ್ಮಾರಿಗೆ ಹೇಳೀನಿ. ನಡುವ ಬಂದು ನೋಡ್ತಾರ. ಏನರ ಬೇಕಂದ್ರ ಸುಮ್ನ ಇರಬ್ಯಾಡ್ರಿ, ಕೇಳ್ರಿ” ಎಂದಳು.

ಕೆಳಗಿನ ಅಮ್ಮ ಎಂದರೆ ನಮ್ಮ ಮನೆಯ ಓನರ್. ಎಪ್ಪತ್ತರ ಆಸುಪಾಸಿನವರು. ಕೊಡಿಗೇಹಳ್ಳಿಯಲ್ಲೇ ಹುಟ್ಟಿ, ಎರಡು ಬೀದಿ ದಾಟಿ ಇನ್ನೊಂದು ಮನೆಗೆ ಸೊಸೆಯಾಗಿ ಬಂದವರು. ಹಳೆಯ ಮನೆ ಕೆಡವಿ ಮಗ ಮೂರು ಅಂತಸ್ತು ಕಟ್ಟಿಸಿದ್ದ. ಕೆಳಗೆ ಅವರು, ನಡುವೆ ನಾವು. ಹದಿನೇಳು ವರ್ಷ ಅದೇ ಮನೆಯಲ್ಲಿದ್ದರೂ ಅವರೊಡನೆ ನನ್ನ ಮಾತು ನೀರು ಬಂತೇ, ಮೋಟಾರ್ ಆಫ್ ಮಾಡಿದಿರಾ ಎಂಬುದರ ಆಚೆಗೆ ಹೋಗಿರಲಿಲ್ಲ.

ಹತ್ತು ಗಂಟೆಗೆ ಬಂದರು. ಅವರ ಕಾಲುಂಗುರ, ಸೀರೆಯ ಅಂಚು, ಹಿಮ್ಮಡಿಯ ಬಿರುಕು ಇಷ್ಟೇ ನನಗೆ ಮಂಜುಮಂಜಾಗಿ ಕಂಡದ್ದು.

“ಇಂಗೇ ಮಲಗಿರ್ಬೇಕೇನಪ್ಪಾ ಅಷ್ಟೊತ್ತೂ?”

“ಹೌದ್ರಿ ಅಮ್ಮಾರ.”

“ಏನ್ ಬೇಕು, ಏಳು.”

ನಾನು ಕೈಯೂರಿ ಏಳಲು ಹೊರಟೆ. ಅವರು ಗಾಬರಿಯಾಗಿ ನನ್ನ ಬೆನ್ನು ಅದುಮಿದರು. “ಅಯ್ಯೋ ಏಳ್ಬ್ಯಾಡ ಕಣಪ್ಪಾ! ಬಾಯ್ ಬಿಟ್ಟು ಏಳು ಅಂದೆ!”

ಅವರ ಬಾಯಲ್ಲಿ ಹೇಳು ಎನ್ನುವುದು ಏಳು ಆಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬೋರಲು ಮಲಗಿದವನಿಗೆ ಆ ಕ್ಷಣಕ್ಕೆ ಬೇರೆ ಅರ್ಥ ಹೊಳೆಯಲಿಲ್ಲ. ಇಬ್ಬರೂ ನಕ್ಕೆವು. ನಗುವಾಗ ಕಣ್ಣು ಚುಚ್ಚಿತು.

ಬೇಕಾದದ್ದು ನೀರೂ ಅಲ್ಲ, ಚಹಾವೂ ಅಲ್ಲ, ಹೊತ್ತು ಹೋಗುವ ದಾರಿ. ಸಂಕೋಚಪಡುತ್ತಲೇ ಬಿಸ್ಕತ್ತಿನ ಡಬ್ಬ ತೋರಿಸಿ, ಅದರಲ್ಲಿರುವ ಚೀಟಿ ಓದಿ ಹೇಳಲು ಆಗುತ್ತದೆಯೇ ಎಂದು ಕೇಳಿದೆ.

“ಏಳ್ನೇ ಕ್ಲಾಸ್ ಓದಿದ್ದೀನಿ. ಪೇಪರ್ ದಿನಾ ಓದ್ತೀನಿ,” ಎಂದರು. ಕೇಳಿದ್ದರಿಂದ ಸ್ವಲ್ಪ ಬೇಸರವಾದಂತಿತ್ತು.

ಓದುತ್ತಿದ್ದರು, ಆದರೆ ನಿಧಾನ. ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಹೇಳಿ, ಆಮೇಲೆ ಕೂಡಿಸುತ್ತಿದ್ದರು. ಮೊದಲ ಅರ್ಧ ಗಂಟೆ ನನಗೆ ಸಹನೆ ಕೆಡುತ್ತಿತ್ತು. ಡಬ್ಬದಲ್ಲಿದ್ದ ಒಂದು ಸುಳಿವು ಎರಡು ತಿಂಗಳಿಂದ ನನ್ನನ್ನು ಕಾಡುತ್ತಿತ್ತು: ‘ಅವನ ಗರಿಮೆಯೊಳಗೆ ಅಡಗಿದ ಪಟ್ಟಣ, ಮೂರು ಚೌಕ’. ಅವರು ಓದತೊಡಗಿದರು. “ಅ... ವ... ನ... ಗ... ರಿ...”

“ನಿಲ್ರಿ ಅಮ್ಮಾರ!” ಎಂದೆ.

ಕಣ್ಣಿನಲ್ಲಿ ಓದುವಾಗ ‘ಅವನ’ ಬೇರೆ, ‘ಗರಿಮೆ’ ಬೇರೆ. ನಡುವೆ ಜಾಗವಿದೆ. ಅವರ ಬಾಯಲ್ಲಿ ಆ ಜಾಗವೇ ಇರಲಿಲ್ಲ. ನ, ಗ, ರಿ. ಉತ್ತರ ನಗರಿ. ಎರಡು ತಿಂಗಳು ಅದು ನನ್ನ ಕಣ್ಣೆದುರೇ ಕೂತಿತ್ತು.

ಹೇಗೆ ಬಂತು ಎಂದು ವಿವರಿಸಿದೆ. ಅವರು “ಇಷ್ಟೇನಾ?” ಎಂದರು. “ಇದು ಕಳ್ಳಾಟ ಕಣಪ್ಪಾ. ಇನ್ನೊಂದು ಓದ್ತೀನಿ ಇರು.”

ಇನ್ನೊಂದು ‘ಸ್ವಲ್ಪ ನಿಲ್ಲಿ, ಮದುವೆಗೆ ಬೇಕು, ಎರಡು ಚೌಕ’. ನಾನು ಹಸೆ, ವರ, ವಧು ಎಂದು ಮನಸ್ಸಿನಲ್ಲೇ ಓಡಾಡುತ್ತಿದ್ದೆ. ಅವರು ಓದಿ ಮುಗಿಸುವುದಕ್ಕೂ “ತಾಳಿ” ಎನ್ನುವುದಕ್ಕೂ ಒಂದು ಉಸಿರಿನಷ್ಟು ಅಂತರ.

“ತಾಳಿ ಹೆಂಗ್ರೀ?”

“ಸ್ವಲ್ಪ ತಾಳಿ ಅನ್ನಲ್ವಾ?”

ನಮ್ಮ ಕಡೆ ‘ತಡೀರಿ’ ಎನ್ನುತ್ತೇವೆ. ಅದಕ್ಕೇ ನನಗೆ ಹೊಳೆದಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಒಂದು ಗಂಟೆಯೊಳಗೆ ‘ಹುಡುಕಿ ತಂದ ರಾಣಿ’ ಅರಸಿ ಎಂದೂ ಅವರೇ ಹೇಳಿದರು. ‘ಆನೆಯನ್ನು ಎಣ್ಣೆಗೆ ಬಿಡು’ ಎಂಬುದಕ್ಕೆ ನಾನು ‘ಕರಿ’ ಎಂದಾಗ, “ಅದ್ ಗೊತ್ತಿತ್ತು, ನೀನೂ ಒಂದ್ ಏಳ್ಲಿ ಅಂತ ಬಿಟ್ಟೆ” ಎಂದರು.

ಸಂಜೆ ಹೆಂಡತಿ ಬಂದಾಗ ಮೂರು ಹಳೆಯ ಪದಬಂಧ ಮುಗಿದಿದ್ದವು. ಅಮ್ಮನ ಕೈಬರಹ ದಪ್ಪಕ್ಷರದ್ದು, ಚೌಕದಿಂದ ಹೊರಗೆ ಚಾಚಿಕೊಳ್ಳುವಂಥದ್ದು. ಹೆಂಡತಿ ಅದನ್ನೇ ನೋಡುತ್ತ, “ನನಗ ಒಂದ ಉತ್ತರ ಹೇಳಾಕ ಬಿಟ್ಟಿರಲಿಲ್ಲ” ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಹೀಗೆ ಏಳೆಂಟು ದಿನ ನಡೆಯಿತು. ಅಮ್ಮ ಹತ್ತಕ್ಕೆ ಬರುತ್ತಿದ್ದರು, ಊಟದ ಹೊತ್ತಿಗೆ ಇಳಿಯುತ್ತಿದ್ದರು. ಬರುವಾಗ ಕೈಯಲ್ಲಿ ಏನಾದರೂ ಕೆಲಸ ಇರುತ್ತಿತ್ತು: ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು. ನನಗೆ ಸಮಯದ ಲೆಕ್ಕ ಅವರ ಕೈಗೆಲಸದ ಸದ್ದಿನಿಂದಲೇ ಸಿಗುತ್ತಿತ್ತು.

ಎಡವಟ್ಟುಗಳೂ ಆದವು. ಒಂದು ಸುಳಿವನ್ನು ಅವರು “ಆಲಿನ ಮ್ಯಾಲೆ ತೆಳ್ಳಗೆ ಕೂತಿದ್ದು, ಎರಡು ಚೌಕ” ಎಂದು ಓದಿದರು. ನಾನು ಆಲದ ಮರ ನೆನೆದೆ. ಮರದ ಮೇಲೆ ತೆಳ್ಳಗೆ ಕೂರುವುದು ಯಾವುದು? ಬಹಳ ಯೋಚಿಸಿ “ಬಳ್ಳಿ” ಎಂದೆ.

“ಆಲಿನ ಮ್ಯಾಲೆ ಬಳ್ಳಿ ಯಾಕಪ್ಪಾ ಬತ್ತದೆ? ಕೆನೆ!”

ಹಾಲು ಎಂದು ತಿಳಿದ ಮೇಲೆ ನಾನು ದಿಂಬಿನೊಳಗೆ ಮುಖವಿಟ್ಟು ನಕ್ಕೆ. ಅವರಿಗೂ ನಗು ತಡೆಯಲಾಗಲಿಲ್ಲ.

ಇನ್ನೊಂದು ದಿನ ಅವರು ಬಾಲ್ಕನಿಯ ಬಾಗಿಲಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ ಓದುತ್ತಿದ್ದರು. ನಡುವೆ ಓದು ನಿಲ್ಲಿಸಿ “ಶ್ಶೂ” ಎಂದರು. “ಅಕ್ಕಿ ತಿನ್ನಕ್ಕೆ ಅಕ್ಕಿ ಬಂತು ನೋಡು.”

ನಾನು ನೋಡುವಂತಿರಲಿಲ್ಲ. ರೆಕ್ಕೆ ಬಡಿದ ಸದ್ದು ಕೇಳಿದ ಮೇಲೆಯೇ ಗೊತ್ತಾದದ್ದು, ಪಾರಿವಾಳ ಬಂದಿತ್ತು ಎಂದು. “ಅಕ್ಕಿನೇ ಅಕ್ಕಿ ತಿಂದರ ಹೆಂಗ್ರಿ ಅಮ್ಮಾರ?” ಎಂದೆ.

“ನಮ್ ಬಾಯಾಗೆ ಎರಡೂ ಒಂದೇ ಕಣಪ್ಪಾ,” ಎಂದರು ಅವರು, ತಮ್ಮ ಮಾತಿಗೆ ತಾವೇ ನಗುತ್ತ. “ಆರೋ ಅಕ್ಕಿ, ಬೇಯ್ಸೋ ಅಕ್ಕಿ. ನಿನ್ ಪದಬಂಧದಾಗೆ ಆಕ್ಬೋದು ನೋಡು.”

ಹನ್ನೆರಡು ದಿನ ಮುಗಿದವು. ಡಾಕ್ಟರು ಪದರ ಕೂತಿದೆ ಎಂದರು. ಗುಳ್ಳೆ ಪೂರ್ತಿ ಕರಗಲು ಇನ್ನೂ ಒಂದೂವರೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಕಣ್ಣಿನೊಳಗೆ ನೀರಿನ ಮಟ್ಟ ಅಲುಗಾಡುವಂತೆ ಕಾಣುತ್ತಿತ್ತು. ದೃಷ್ಟಿ ಬಂತು, ಆದರೆ ಮೊದಲಿನಂತಲ್ಲ. ನೆಟ್ಟಗಿನ ಗೆರೆಗಳು ನಡುವೆ ಸ್ವಲ್ಪ ಸೊಟ್ಟಗಾಗುತ್ತವೆ. ಪದಬಂಧದ ಚೌಕಗಳು ಒಣಹಾಕಿದ ಬಟ್ಟೆಯಂತೆ ಬಾಗಿರುತ್ತವೆ. ಅದಕ್ಕೆ ಕನ್ನಡಕವಿಲ್ಲ, ಹೊಂದಿಕೊಳ್ಳಿ ಎಂದರು.

ರಜೆ ಇನ್ನೂ ಉಳಿದಿತ್ತು. ಆಗ ನನಗೆ ನಾನೇ ಒಂದು ಪದಬಂಧ ಕಟ್ಟಬೇಕು ಎನ್ನಿಸಿತು. ನಾವು ತರಿಸುವ ಪತ್ರಿಕೆಯಲ್ಲಿ ತಿಂಗಳಿಗೊಮ್ಮೆ ಓದುಗರು ರಚಿಸಿದ್ದನ್ನು ಹಾಕುತ್ತಾರೆ. ಗೆರೆ ಸೊಟ್ಟ ಕಂಡರೂ ಸ್ಕೇಲು ನೆಟ್ಟಗಿರುತ್ತದೆ ಎಂದು ನಂಬಿ ಚೌಕ ಎಳೆದೆ. ಬಿಡಿಸುವುದಕ್ಕಿಂತ ಕಟ್ಟುವುದು ಹತ್ತುಪಟ್ಟು ಕಷ್ಟ. ಒಂದು ಮೂಲೆ ಕೂಡಿಬಂದರೆ ಇನ್ನೊಂದು ಮೂಲೆ ಒಡೆಯುತ್ತದೆ. ಮೂರು ವಾರ ಕೂತೆ. ‘ಸ್ನೇಹಿತನ ತಲೆ ಹೋದರೂ ಉಳಿದದ್ದು ಒಳ್ಳೆಯದೇ’ ಎಂದು ಒಂದು ಬರೆದೆ, ಉತ್ತರ ಹಿತ. ಅದು ನನಗೆ ತುಂಬ ಇಷ್ಟವಾಗಿತ್ತು. ಕೊನೆಗೆ ಬಲಗಡೆ ಕೆಳಗೆ ಎರಡು ಚೌಕ ಉಳಿದವು. ಮೊದಲನೆಯದು ‘ಅ’, ಎರಡನೆಯದು ‘ಕ್ಕಿ’. ಬೇರೇನೂ ಹೊಂದುವಂತಿರಲಿಲ್ಲ. ಅಮ್ಮನ ಮಾತು ನೆನಪಾಯಿತು. ಐದು ನಿಮಿಷದಲ್ಲಿ ಸುಳಿವು ಬರೆದೆ: ‘ಹಳ್ಳಿಯವರು ಬಾಯಿ ಬಿಟ್ಟರೆ ಧಾನ್ಯವೂ ಹಾರುತ್ತದೆ’. ಇಡೀ ಪದಬಂಧದಲ್ಲಿ ಇದೇ ಚೆನ್ನಾಗಿದೆ ಎಂದುಕೊಂಡೆ.

ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ಅದು ಅಚ್ಚಾಯಿತು. ಕೆಳಗೆ ನನ್ನ ಹೆಸರು, ಬೆಂಗಳೂರು. ಆ ಭಾನುವಾರ ಸ್ಟ್ಯಾಂಡಿನಲ್ಲಿ ಐದು ಪ್ರತಿ ಕೊಂಡೆ. ಒಂದನ್ನು ಅಮ್ಮನಿಗೆ ಕೊಟ್ಟು, “ನಿಮ್ಮದೂ ಒಂದ ಐತಿ, ಹುಡುಕ್ರಿ” ಎಂದೆ. ಅವರಿಗೆ ಬಹಳ ಖುಷಿಯಾಯಿತು. ಮೆಟ್ಟಿಲ ಮೇಲೆ ಕೂತು, ಸೊಸೆಯಿಂದ ಪೆನ್ನು ಇಸಿದುಕೊಂಡು ಅಲ್ಲೇ ಶುರುಮಾಡಿದರು.

ಸಂಜೆ ಏನಾದರೂ ಹೇಳುತ್ತಾರೆ ಎಂದು ಕಾದೆ. ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಅಷ್ಟು ಹೊತ್ತಿಗೆ ಭಾನುವಾರ ಹತ್ತು ಗಂಟೆಗೆ ಇಬ್ಬರೂ ಕೂತು ಬಿಡಿಸುವುದು ರೂಢಿಯಾಗಿತ್ತು. ಗೇಟಿನ ಬಳಿ ಸಿಕ್ಕಾಗ ನಮಸ್ಕಾರ ಮಾಡಿದೆ. “ಊಂ” ಎಂದು ಹೂವಿನ ಗಿಡಕ್ಕೆ ನೀರು ಹಾಕುತ್ತಲೇ ಇದ್ದರು.

“ಅಮ್ಮಾರು ಯಾಕೋ ನನ್ ಜೋಡಿನೂ ಮಾತಾಡವಲ್ರು,” ಎಂದಳು ಹೆಂಡತಿ. “ಏನ್ ಮಾಡೀರಿ?”

ಏನೂ ಮಾಡಿಲ್ಲ ಎಂದೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ. ಅವಳು ಪತ್ರಿಕೆ ತೆಗೆದು ನನ್ನ ಪದಬಂಧವನ್ನು ಮೊದಲಿನಿಂದ ಓದಿದಳು. ಅಚ್ಚಾದ ದಿನ ಅವಳು ‘ಚಲೋ ಆಗೇತಿ’ ಎಂದಿದ್ದಳೇ ಹೊರತು ಓದಿರಲಿಲ್ಲ. ನಾನೂ ಒತ್ತಾಯ ಮಾಡಿರಲಿಲ್ಲ. ಕೊನೆಯ ಸುಳಿವಿಗೆ ಬಂದು ನಿಂತಳು.

“ಇದನ್ನ ಅವರ ಕೈಯಾಗ ನೀವ ಕೊಟ್ರಿ?”

“ಅವರು ಹೇಳಿದ್ದ ಅದು. ಅವರ ನಕ್ಕಿದ್ರು.”

“ಅವರು ನಕ್ಕಿದ್ದು ಮನಿಯೊಳಗ. ನೀವು ನಗಿಸಿದ್ದು ಊರ ಮುಂದ.” ಪತ್ರಿಕೆ ಮಡಚಿದಳು. “ಫ್ಯಾಕ್ಟರ್ಯಾಗ ರಾಜ್ಯೋತ್ಸವದಾಗ ನಿಮ್ಮ ಮಾತು ಅಣಕಿಸಿ ನಾಟಕ ಮಾಡಿದಾಗ ಮನಿಗೆ ಬಂದು ಎರಡ ದಿನ ಸರಿಯಾಗಿ ಉಂಡಿರಲಿಲ್ಲ. ಮರ್ತೀರಿ?”

ಮರೆತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ಸ್ಟೋರ್ಸಿನವನ ಪಾತ್ರ ಹಾಕಿದವನು ಜೋಲು ಪಂಚೆ ಉಟ್ಟು, ಮಾತು ಮಾತಿಗೂ ‘ಏನ್ರೀಪಾ’ ಎನ್ನುತ್ತಿದ್ದ. ಎಲ್ಲರೂ ನನ್ನ ಕಡೆ ತಿರುಗಿ ನೋಡಿ ನಗುತ್ತಿದ್ದರು. ನಾನೂ ನಕ್ಕಿದ್ದೆ, ನಗದೆ ಬೇರೆ ದಾರಿ ಇರಲಿಲ್ಲ. ಅಂದಿನಿಂದ ಫ್ಯಾಕ್ಟರಿಯೊಳಗೆ ಕಾಲಿಟ್ಟ ಕೂಡಲೇ ನನ್ನ ಮಾತು ಬದಲಾಗುತ್ತದೆ. ಇಷ್ಟು ವರ್ಷವಾದರೂ ಅಲ್ಲಿ ‘ಹೌದ್ರಿ’ ಎನ್ನುವುದಿಲ್ಲ, ‘ಹೌದು ಸಾರ್’ ಎನ್ನುತ್ತೇನೆ.

ಮರುದಿನ ಕೆಲಸ ಮುಗಿಸಿ ಬಂದವನು ಬಟ್ಟೆಯನ್ನೂ ಬದಲಿಸದೆ ಕೆಳಗೆ ಹೋದೆ. ಅಮ್ಮ ಹಜಾರದಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಸಿಪ್ಪೆ ಹಿಚುಕುತ್ತಿದ್ದರು. ನಾನು ಎದುರಿಗೆ ನೆಲದ ಮೇಲೆ ಕೂತೆ.

“ಅಮ್ಮಾರ, ತಪ್ಪಾತ್ರಿ.”

“ಏನ್ ತಪ್ಪಾಯ್ತು?” ಎಂದರು ಮುಖ ಎತ್ತದೆ.

“ಆ ಅಕ್ಕಿದು.”

ಅವರು ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು.

“ನಿಂಗೆ ಕಣ್ ಕಾಣ್ದೇ ಇದ್ದಾಗ ನನ್ ಬಾಯಿ ಬೇಕಾಗಿತ್ತು,” ಎಂದರು ಆಮೇಲೆ. ದನಿ ಏರಿರಲಿಲ್ಲ. “ಕಣ್ ಬಂದ್ಮ್ಯಾಲೆ ಅದೇ ಬಾಯಿ ನಗೆಪಾಟ್ಲು ಆಯ್ತು.”

ಒಂದು ಕಾಳು ಹಿಚುಕಿ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿದರು.

“ಅದೇನು ಅಳ್ಳಿಯವ್ರು ಅಂತ ಬರ್ದಿದ್ದೀಯಲ್ಲ, ಯಾವ್ ಅಳ್ಳಿ? ನಾನ್ ಎಲ್ಲಿಗೂ ಓಗಿಲ್ಲ, ಎಲ್ಲಿಂದ್ಲೂ ಬಂದಿಲ್ಲ. ಉಟ್ಟಿದ್ ಕಡೆನೇ ಇದ್ದೀನಿ. ನೀವೆಲ್ಲಾ ಬಂದ್ರಿ. ಬಂದವ್ರು ಬೆಂಗಳೂರ್ನವ್ರಾದ್ರಿ, ಇದ್ದವ್ರು ಅಳ್ಳಿಯವ್ರಾದ್ವಾ? ನಿನ್ ಎಸ್ರು ಕೆಳಗೆ ಬೆಂಗಳೂರು ಅಂತ ಐತೆ, ನೋಡ್ದೆ ನಾನು.”

ಇದು ನನಗೆ ಹೊಳೆದೇ ಇರದ ಮಾತು. ಅವರ ಹೆಸರು ಹಾಕದೆ ಇದ್ದದ್ದಕ್ಕೆ ಬೇಸರವಾಗಿರಬಹುದು ಎಂದು ಮೆಟ್ಟಿಲಿಳಿಯುವಾಗ ಅಂದುಕೊಂಡಿದ್ದೆ. ಅದಕ್ಕೆ ಒಂದು ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ. ಅದನ್ನು ಹೇಳದೆ ಉಳಿದದ್ದು ಒಳ್ಳೆಯದೇ ಆಯಿತು. ಫ್ಯಾಕ್ಟರಿಯ ನಾಟಕದ ಕತೆ ಹೇಳಿದೆ. ನನ್ನ ತಪ್ಪು ಸಣ್ಣದಾಗಲಿ ಎಂದಲ್ಲ, ಹೇಳದೆ ಇರಲಾಗಲಿಲ್ಲ. ಅವರು ಕೈ ನಿಲ್ಲಿಸಿ ಕೇಳಿದರು.

“ಅಂಗಾದ್ರೆ ನಿಂಗೆ ಗೊತ್ತಿತ್ತು,” ಎಂದರು.

“ಗೊತ್ತಿತ್ರಿ.”

“ಗೊತ್ತಿದ್ದೂ ಬರ್ದೆ.”

“ಹೂನ್ರಿ.”

ಅವರು ಪಾತ್ರೆಯನ್ನು ನನ್ನ ಕಡೆ ಸರಿಸಿದರು. “ಸುಮ್ನೆ ಕೂರ್ಬ್ಯಾಡ. ಇಚುಕು.”

ನಾನು ಸಿಪ್ಪೆ ಹಿಚುಕಿದೆ. ನನ್ನ ಕೈಯಿಂದ ಹಾರಿದ ಬೇಳೆ ಎರಡು ಸಲ ಟೀವಿಯ ಕೆಳಗೆ ಹೋಯಿತು. ಅವರು ಎದ್ದು ತರಲಿಲ್ಲ, ನಾನೇ ಬಗ್ಗಿ ತಂದೆ. ಹೊರಡುವಾಗ ಒಂದು ಡಬ್ಬಿಯಲ್ಲಿ ಬೇಳೆ ಹಾಕಿ ಕೊಟ್ಟರು, ಆದರೆ ಭಾನುವಾರ ಬರುತ್ತೇನೆ ಎಂದು ಹೇಳಲಿಲ್ಲ. ಬರಲೂ ಇಲ್ಲ. ಇನ್ನೂ ಮೂರು ಭಾನುವಾರ ನಾನು ಒಬ್ಬನೇ ಕೂತೆ. ಸುಳಿವನ್ನು ಗಟ್ಟಿಯಾಗಿ ಓದಿಕೊಂಡು ನೋಡಿದೆ. ನನ್ನ ದನಿಯಲ್ಲಿ ಅದು ಬಿಡಿಸಿಕೊಳ್ಳುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ಹತ್ತು ಗಂಟೆಗೆ ಬಾಗಿಲು ತಟ್ಟಿದರು. ಒಳಗೆ ಬಂದು ಕುರ್ಚಿಯಲ್ಲಿ ಕೂತು, ಅಡುಗೆಮನೆಯ ಕಡೆ ತಿರುಗಿ ನನ್ನ ಹೆಂಡತಿಗೆ, “ಉಪ್ಪಿಟ್ಗೆ ಏನ್ ಆಕ್ತೀಯಮ್ಮಾ ನೀನು?” ಎಂದು ಕೇಳಿದರು.

“ರವಾ ಹಾಕ್ತೀನ್ರಿ, ಮತ್ತೇನ್ ಹಾಕ್ತಾರ?”

“ನಾವು ರವೆ ಅಂತೀವಿ. ನೀವು ರವಾ ಅಂತೀರಿ.” ಆಮೇಲೆ ನನ್ನ ಕಡೆ ತಿರುಗಿದರು. “ಬರ್ಕೋ. ಏಳ್ ದಿವ್ಸ ತಿರುವಿದ್ರೆ ಅವ್ರ ಕಡೆ ಉಪ್ಪಿಟ್ಟು. ಎರಡ್ ಚೌಕ.”

ಏಳು ದಿವಸ ಎಂದರೆ ವಾರ. ತಿರುವಿದರೆ ರವಾ. ಉಪ್ಪಿಟ್ಟನ್ನೂ ತಿರುವಲೇಬೇಕು. ನಾನು ಇಷ್ಟು ವರ್ಷದಲ್ಲಿ ನೋಡಿದ ಸುಳಿವುಗಳಲ್ಲಿ ಅಷ್ಟು ಗಟ್ಟಿಯಾದದ್ದು ಕಡಿಮೆ. ಹಾಗೆಂದು ಹೇಳಿದೆ. ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿಸಿತು.

“ನಾಲ್ಕು ವಾರ ಇಡೀತು,” ಎಂದರು ಅಮ್ಮ. “ನಿಮ್ಮೋರ ಮಾತಾಗೆ ಏನ್ ಸಿಗ್ತದೆ ಅಂತ ನೋಡ್ತಾ ಇದ್ದೆ. ಈಗ ಪೇಪರ್ನಾಗೆ ಆಕು. ಓದ್ದವ್ರು ನಗ್ಲಿ.”

“ಹಾಕ್ತೀನ್ರಿ. ಆದರ ಈ ಸಲ ನಿಮ್ಮ ಹೆಸರಿನಾಗ.”

ಎರಡನೆಯ ಪದಬಂಧ ಕಟ್ಟಲು ಎರಡು ತಿಂಗಳಾಯಿತು. ಸುಳಿವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರವು. ನಾನು ಚೌಕ ಕೂಡಿಸಿದೆ, ಅವರು ಮಾತು ಕೊಟ್ಟರು. ಇಬ್ಬರ ಹೆಸರನ್ನೂ ಬರೆದು ಕಳಿಸಿದಾಗ ಪತ್ರಿಕೆಯಿಂದ ಫೋನ್ ಬಂತು; ಒಂದೇ ಹೆಸರು ಹಾಕುವ ಪದ್ಧತಿ, ಯಾರದು ಹಾಕಲಿ ಎಂದು ಕೇಳಿದರು. ಅಮ್ಮನದು ಎಂದೆ. ಊರು ಯಾವುದು ಎಂದಾಗ ಫೋನನ್ನು ಅವರ ಕೈಗೇ ಕೊಟ್ಟೆ.

“ಕೊಡಿಗೇಳ್ಳಿ,” ಎಂದರು ಅವರು. ಆ ಕಡೆಯಿಂದ ಏನೋ ಕೇಳಿರಬೇಕು. “ಅಷ್ಟೇ. ಮುಂದೆ ಏನೂ ಇಲ್ಲ.”

ಅಚ್ಚಾದಾಗ ‘ಕೊಡಿಗೇಹಳ್ಳಿ, ಬೆಂಗಳೂರು’ ಎಂದೇ ಇತ್ತು. ಅವರು ಅದನ್ನು ನೋಡಿ ನಾಲಗೆ ಲೊಚಗುಟ್ಟಿದರು, ಆದರೂ ಮಗನ ಅಂಗಡಿಗೆ ಒಂದು ಪ್ರತಿ ಕ‌ಳಿಸಿದರು. ನಾನು ನನ್ನ ಪ್ರತಿಯನ್ನು ಫ್ಯಾಕ್ಟರಿಗೆ ಒಯ್ದೆ. ಕ್ಯಾಂಟೀನಿನಲ್ಲಿ ನಾಲ್ಕು ಜನ ಕೂತು ಬಿಡಿಸಿದರು. ಉಪ್ಪಿಟ್ಟಿನ ಸುಳಿವಿಗೆ ಬಂದು ಎಲ್ಲರೂ ನಿಂತರು. “ವಾರ ತಿರುಗಿಸಿದ್ರೆ ‘ರವಾ’ ಆಗತ್ತೆ ಗುರು, ‘ರವೆ’ ಆಗಲ್ವಲ್ಲ, ತಪ್ಪು ಪ್ರಿಂಟ್ ಆಗಿದೆ,” ಎಂದ ಒಬ್ಬ.

“ತಪ್ಪೇನೂ ಆಗಿಲ್ರಿ,” ಎಂದೆ. “ನಮ್ಮ ಕಡೆ ರವಾ ಅಂತೀವ್ರಿ.”

ಕ್ಯಾಂಟೀನಿನಲ್ಲಿ ಹಾಗೆ ಮಾತಾಡಿ ಬಹಳ ವರ್ಷಗಳಾಗಿದ್ದವು. ಯಾರೂ ವಿಶೇಷವಾಗಿ ಗಮನಿಸಲಿಲ್ಲ. ಅವನು “ಓ, ಹಂಗಾ” ಎಂದು ಮುಂದಿನ ಸುಳಿವಿಗೆ ಹೋದ. ನಾನೇ ಇಷ್ಟು ದಿನ ಅದನ್ನು ಏನೋ ದೊಡ್ಡದು ಎಂದುಕೊಂಡು ಕಾಯ್ದಿಟ್ಟಿದ್ದೆನೇ ಎಂದು ಒಂದು ಕ್ಷಣ ಅನುಮಾನವಾಯಿತು. ಇರಲಾರದು. ನಾಟಕದ ದಿನ ನಕ್ಕವರಲ್ಲಿ ಹೆಚ್ಚಿನವರು ಈಗ ನಿವೃತ್ತರಾಗಿದ್ದಾರೆ.

ಈಗ ಭಾನುವಾರ ಬೆಳಿಗ್ಗೆ ನಾವು ಮೂವರೂ ಕೂರುತ್ತೇವೆ. ಅಮ್ಮ ಓದುತ್ತಾರೆ, ನನ್ನ ಹೆಂಡತಿ ಬರೆಯುತ್ತಾಳೆ. ನನ್ನ ಕಣ್ಣಿಗೆ ಚೌಕಗಳು ಬಾಗುವುದರಿಂದ ನಾನು ಬರೆದರೆ ಅಕ್ಷರ ಪಕ್ಕದ ಮನೆಗೆ ಹೋಗುತ್ತದೆ. ಹೆಂಡತಿ ಬಹಳ ಬೇಗ ಉತ್ತರ ಕಂಡುಹಿಡಿಯುತ್ತಾಳೆ ಎಂಬುದು ನನಗೆ ತಡವಾಗಿ ತಿಳಿಯಿತು. ಕೆಲವು ಸಲ ಹೇಳದೆ ಪೆನ್ನು ಹಿಡಿದು ಕಾಯುತ್ತಾಳೆ.

ಈ ವರ್ಷ ನಾವು ಕಳಿಸಿದ ಒಂದು ಪದಬಂಧ ವಾಪಸು ಬಂತು. ಮೂರು ಸುಳಿವಿನ ಕೆಳಗೆ ಗೆರೆ ಎಳೆದು, ‘ಆಡುಮಾತು ಹೆಚ್ಚಾಗಿದೆ, ಕಡಿಮೆ ಮಾಡಿ ಕಳಿಸಿ’ ಎಂದು ಮೇಲೆ ಬರೆದಿದ್ದರು. ನಾನು ಅದನ್ನು ಓದಿ ಹೇಳಿದೆ.

“ಆಡ್ದೇ ಇರೋ ಮಾತು ಯಾವ್ದಪ್ಪಾ?” ಎಂದರು ಅಮ್ಮ.

ವಾದ ಮಾಡಿ ಪ್ರಯೋಜನವಿಲ್ಲ ಎಂದು ಹೆಂಡತಿ ಹೇಳಿದಳು. ಎರಡು ಸುಳಿವು ತೆಗೆಯುವುದು, ಮೂರನೆಯದನ್ನು ಮಾತ್ರ ಬಿಟ್ಟುಕೊಡುವುದು ಬೇಡ ಎಂದು ತೀರ್ಮಾನವಾಯಿತು. ಅಮ್ಮ ಹೊಸ ಎರಡು ಸುಳಿವು ಹೇಳಿದರು, ನಾನು ಚೌಕ ಸರಿಪಡಿಸಿದೆ, ಹೆಂಡತಿ ಶುದ್ಧಪ್ರತಿ ಮಾಡಿ ಶಾಲೆಗೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕಿದಳು. ಇನ್ನೂ ಉತ್ತರ ಬಂದಿಲ್ಲ.